ಮಕ್ಕಳ ‘ದಮ್ಮಿದ್ರೆ ಮಾಡು’ ಪಂದ್ಯಗಳು: ತರಗತಿಯಲ್ಲಿ ಮಾತಾಡೋದು ಹೇಗೆ, ನಾವೇ ಹೇಳಿಕೊಟ್ಟ ಹಾಗೆ ಆಗಬಾರದಲ್ಲ?

ಬಯಲುಸೀಮೆ_ಟೀಚರ್ (ಪ್ರಶ್ನೆ)

ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್ ನಾನು, 8 ಮತ್ತು 9ನೇ ತರಗತಿ, ಸೆಕ್ಷನ್ನಿಗೆ 45ರ ಆಸುಪಾಸು ಮಕ್ಕಳು. ಊರ ಸುತ್ತ ಹತ್ತಾರು ಕೃಷಿ ಹೊಂಡ, ಜೊತೆಗೆ ಕೆಲಸ ನಿಲ್ಲಿಸಿ ನೀರು ತುಂಬಿಕೊಂಡಿರುವ ಒಂದು ಕಲ್ಲು ಕ್ವಾರಿ. ಹುಡುಗರ ಪಂದ್ಯಗಳು ಇಷ್ಟು: ಹೊಂಡ ಅಡ್ಡ ಈಜೋದು, ನೀರೊಳಗೆ ಮುಳುಗಿ ಯಾರು ಹೆಚ್ಚು ಹೊತ್ತು ಇರ್ತಾರೆ ಅಂತ ಎಣಿಸೋದು, ಕ್ವಾರಿ ಅಂಚಿನಿಂದ ಹಾರೋದು. ಎಲ್ಲಕ್ಕೂ ರೀಲ್ಸ್. ಉಸಿರು ಕಟ್ಟಿಸಿ ತಲೆ ತಿರುಗಿಸಿಕೊಳ್ಳುವ ‘ಆಟ’ದ ಸುದ್ದಿಯೂ ಇದೆ, ಆದರೆ ನಮ್ಮಲ್ಲಿ ಯಾರಾದರೂ ಮಾಡ್ತಿದ್ದಾರೆ ಅನ್ನೋಕೆ ಖಾತ್ರಿಯಿಲ್ಲ.

ಏಪ್ರಿಲ್-ಮೇ ರಜೆಗೆ ಮೊದಲು ಮಾತಾಡಬೇಕು. ಪ್ರಾರ್ಥನೆ ವೇಳೆ ಹೇಳಿದರೆ ಸಾಕಾ, ತರಗತಿಯಲ್ಲೇ ಆಗಬೇಕಾ? ಆಟಗಳ ಹೆಸರು ಎತ್ತಬೇಕಾ, ಬೇಡವಾ? ಪೋಷಕರ ಸಭೆಯಲ್ಲಿ ಏನು ಹೇಳೋದು? ‘ಹುಷಾರಾಗಿರಿ’ ಅನ್ನೋ ಉಪದೇಶ ಬೇಡ, ನಾಳೆ ಬೆಳಗ್ಗೆ ಮಾಡುವಂಥದ್ದು ಹೇಳಿ.

ಶಾಲಾ_ಆಪ್ತಸಲಹೆ

ಮೇಡಂ, ಪ್ರಾರ್ಥನೆ ವೇಳೆ ಬೇಡವೇ ಬೇಡ. ನಾನ್ನೂರು ಮಕ್ಕಳ ಮುಂದೆ ಮೈಕಿನಲ್ಲಿ ಹೇಳಿದರೆ ಕೇಳಿಸಿಕೊಳ್ಳುವವರಲ್ಲಿ ಮುಕ್ಕಾಲು ಪಾಲು ಅದನ್ನು ಮೊದಲ ಸಲ ಕೇಳ್ತಿರ್ತಾರೆ. ಮಾಡ್ತಿರೋ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿ ನಗ್ತಾರೆ. ಆ ನಗುವನ್ನು ಉಳಿದವರು ನೋಡ್ತಾರೆ, ಅಲ್ಲಿಗೆ ಪಂದ್ಯಕ್ಕೆ ಮರ್ಯಾದೆ ಬಂತು. ಸೆಕ್ಷನ್ ಪ್ರಕಾರ, ಒಂದು ಪೀರಿಯಡ್, 40 ನಿಮಿಷ. ನೀವು ವಿಜ್ಞಾನದವರು, ಉಸಿರಾಟದ ಪಾಠದ ಪಕ್ಕದಲ್ಲೇ ಇದನ್ನು ಇಟ್ಟರೆ ಉಪದೇಶದ ವಾಸನೆ ಹೊಡೆಯೋದಿಲ್ಲ.

ಹೆದರಿಸಬೇಡಿ. ಶವದ ಫೋಟೊ, ಅಪಘಾತದ ವಿಡಿಯೊ ತೋರಿಸೋದು ಕೆಲವರಿಗೆ ರೂಢಿ. ಅಮೆರಿಕದಲ್ಲಿ ಹದಿಹರೆಯದವರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೆದರಿಸುವ ಕಾರ್ಯಕ್ರಮಗಳು ದಶಕಗಟ್ಟಲೆ ನಡೆದವು. ಪರೀಕ್ಷಿಸಿ ನೋಡಿದರೆ, ಹೋಗದಿದ್ದವರಿಗಿಂತ ಹೋಗಿಬಂದವರೇ ಹೆಚ್ಚು ತಪ್ಪು ಮಾಡಿದ್ದರು. ಭಯಕ್ಕೂ ಥ್ರಿಲ್ಲಿಗೂ ನಡುವಿನ ಗೆರೆ ಈ ವಯಸ್ಸಿನಲ್ಲಿ ಬಹಳ ತೆಳು.

‘ಈ ಮಕ್ಕಳಿಗೆ ಅಪಾಯ ಗೊತ್ತಿಲ್ಲ’ ಅನ್ನೋದೂ ತಪ್ಪು. ಒಬ್ಬೊಬ್ಬರನ್ನೇ ಕೇಳಿ ನೋಡಿ, ಸರಿಯಾಗೇ ಹೇಳ್ತಾರೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ: ಕಂಪ್ಯೂಟರ್ ಮೇಲೆ ಕಾರು ಓಡಿಸುವ ಆಟ. 13ರಿಂದ 16ರ ಹುಡುಗ ಹುಡುಗಿಯರು ಒಬ್ಬರೇ ಕೂತಾಗ ದೊಡ್ಡವರಿಗಿಂತ ತೀರ ಬೇರೆಯಾಗಿ ಆಡಲಿಲ್ಲ. ಪಕ್ಕದಲ್ಲಿ ಗೆಳೆಯರು ನಿಂತ ಕೂಡಲೇ ಅಪಾಯಕ್ಕೆ ಕೈಹಾಕೋದು ಎದ್ದು ಕಾಣುವಷ್ಟು ಏರಿತು. 24 ದಾಟಿದವರಲ್ಲಿ ಗೆಳೆಯರಿದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಇಲ್ಲ. ಅಂದರೆ ನೀವು ಮಾತಾಡಬೇಕಾದದ್ದು ಹಾರುವವನ ಜೊತೆ ಮಾತ್ರ ಅಲ್ಲ, ಸುತ್ತ ನಿಂತವರ ಜೊತೆ.

ಪೀರಿಯಡ್ ಹೀಗೆ ನಡೆಸಬಹುದು.

ಮೊದಲ ಐದು ನಿಮಿಷ ಚೀಟಿ. ಎಲ್ಲರಿಗೂ ಒಂದೇ ಅಳತೆಯ ಕಾಗದ, ಎಲ್ಲರೂ ಪೆನ್ಸಿಲ್‌ನಲ್ಲೇ ಬರೀಬೇಕು. ಬೋರ್ಡಿನ ಮೇಲೆ ಪ್ರಶ್ನೆ: ‘ರಜೆಯಲ್ಲಿ ನಮ್ಮ ವಯಸ್ಸಿನವರು ಮಾಡುವ ಯಾವ ಪಂದ್ಯ ನೋಡಿದರೆ ನಿಮಗೆ ಎದೆ ಡವಡವ ಅನ್ನುತ್ತೆ?’ ಹೇಳೋಕೆ ಏನೂ ಇಲ್ಲದವರು ಬೋರ್ಡಿನ ಪ್ರಶ್ನೆಯನ್ನೇ ಎರಡು ಸಲ ನಕಲು ಮಾಡಬೇಕು. ಇದು ಮುಖ್ಯ. ಇಲ್ಲದಿದ್ದರೆ ಯಾರ ಕೈ ಓಡ್ತಿದೆ ಅಂತ ಪಕ್ಕದವನು ನೋಡಿಬಿಡ್ತಾನೆ, ಬರೆಯುವವನು ಬರೆಯೋದಿಲ್ಲ. ಶುರುವಿನಲ್ಲೇ ಹೇಳಿಬಿಡಿ: ‘ಹೆಸರು ಬೇಡ, ಜೋರಾಗಿ ಓದೋದಿಲ್ಲ. ಆದರೆ ಯಾರದಾದರೂ ಜೀವಕ್ಕೆ ತೊಂದರೆ ಇದೆ ಅನ್ನಿಸಿದರೆ ಸುಮ್ಮನಿರೋದಿಲ್ಲ.’ ಎಲ್ಲವನ್ನೂ ಗುಟ್ಟಾಗಿಡ್ತೀನಿ ಅಂತ ಮಾತು ಕೊಟ್ಟು ಆಮೇಲೆ ಮುರಿದರೆ ಮುಂದಿನ ಮೂರು ವರ್ಷ ಯಾರೂ ಬಾಯಿ ಬಿಡೋದಿಲ್ಲ.

ಆಮೇಲೆ ಬೋರ್ಡಿನ ಮೇಲೆ ನಾಲ್ಕು ಪಾತ್ರ ಬರೀರಿ: ಪಂದ್ಯ ಕಟ್ಟುವವನು, ಮಾಡುವವನು, ಮೊಬೈಲ್ ಹಿಡಿದವನು, ನೋಡ್ತಾ ನಿಂತವರು. ‘ಇದರಲ್ಲಿ ಯಾರು ಹೊರಟುಹೋದರೆ ಪಂದ್ಯ ನಿಲ್ಲುತ್ತೆ?’ ಅಂತ ಕೇಳಿ ಸುಮ್ಮನಾಗಿ. ಮೊಬೈಲ್ ಹಿಡಿದವನು ಅಂತ ತರಗತಿಯೇ ಹೇಳುತ್ತೆ, ನೀವು ಹೇಳುವ ಹಾಗಿಲ್ಲ. ಅಲ್ಲಿಂದ ಮುಂದಕ್ಕೆ: ಮೊಬೈಲ್ ಹಿಡಿದವನು ಜಗಳ ಮಾಡದೆ ಹೇಗೆ ತಪ್ಪಿಸಿಕೊಳ್ಳಬಹುದು? ‘ಚಾರ್ಜ್ ಇಲ್ಲ ಕಣೋ’, ‘ಸ್ಟೋರೇಜ್ ಫುಲ್.’ ಮಕ್ಕಳೇ ಹತ್ತು ಕೊಡ್ತಾರೆ.

ಕೊನೆಯ ಹದಿನೈದು ನಿಮಿಷ ಬಾಯಿಪಾಠ ಅಂದುಕೊಳ್ಳಿ. ‘ಬೇಡ ಅನ್ನು’ ಅಂತ ಹೇಳಿಕೊಟ್ಟರೆ ಕೆಲಸಕ್ಕೆ ಬರೋದಿಲ್ಲ, ಯಾಕಂದರೆ ಬೇಡ ಅಂದವನಿಗೆ ‘ಪುಕ್ಕಲ’ ಅನ್ನೋ ಹೆಸರು ಕಾದಿರುತ್ತೆ. ಮಾನ ಉಳಿಸುವ ನೆಪ ಬೇಕು. ‘ಕಿವಿ ಸೋರ್ತಿದೆ, ಡಾಕ್ಟ್ರು ನೀರಿಗಿಳೀಬೇಡ ಅಂದಿದಾರೆ.’ ‘ನಮ್ಮಪ್ಪ ಇದೇ ದಾರೀಲಿ ಈಗ ಬರ್ತಾರೆ.’ ‘ನೀನು ಮೊದಲು ಮಾಡು, ನೋಡ್ತೀನಿ’ ಅನ್ನೋದು ಮಾತ್ರ ಬೇಡ, ಅದು ಪಂದ್ಯವನ್ನು ಇನ್ನೊಬ್ಬನ ತಲೆಗೆ ಕಟ್ಟುತ್ತೆ. ಇಬ್ಬಿಬ್ಬರನ್ನು ನಿಲ್ಲಿಸಿ ಜೋರಾಗಿ ಹೇಳಿಸಿ. ನಗ್ತಾರೆ, ನಗಲಿ. ಬಾಯಿಗೆ ಒಮ್ಮೆ ಬಂದ ಮಾತು ಬೇಕಾದಾಗ ಬರುತ್ತೆ.

ಒಂದು ಎಚ್ಚರ: ಈಗಾಗಲೇ ಮಾಡಿದವನನ್ನು ಎಬ್ಬಿಸಿ ‘ನೀನೇ ಹೇಳಪ್ಪ’ ಅನ್ನಬೇಡಿ. ಬೈದರೂ ಹೊಗಳಿದರೂ ಅವನಿಗೆ ಅದು ವೇದಿಕೆಯೇ.

ಪಿಇ_ಮೇಷ್ಟ್ರು

ನೀರಿನ ಭಾಗ ನಾನು ಹೇಳ್ತೀನಿ, ಹಳ್ಳಿ ಶಾಲೆಗೆ ನಿಜವಾದ ಚಾಲೆಂಜ್ ಅಂದರೆ ಇದೇ. ಫೋನಿನಲ್ಲಿ ಬರೋದೆಲ್ಲ ಆಮೇಲೆ.

2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಹೊಂಡಗಳು ಊರೂರಿಗೆ ಬಂದವು. ಅಳತೆ 10x10 ಮೀಟರಿನಿಂದ 21x21 ಮೀಟರಿನವರೆಗೆ, ಆಳ 3 ಮೀಟರ್. ನೋಡೋಕೆ ಚಿಕ್ಕದು, ‘ನಾಲ್ಕು ಕೈ ಹೊಡೆದರೆ ಆಚೆ ದಡ’ ಅನ್ನಿಸುತ್ತೆ. ಕೆರೆಯಲ್ಲಿ ಈಜು ಕಲಿತ ಹುಡುಗ ಇಲ್ಲಿ ಸಾಯೋದು ಯಾಕೆ ಅಂತ ಮಕ್ಕಳಿಗೆ ಬಿಡಿಸಿ ಹೇಳಬೇಕು. ಕೆರೆಯ ದಂಡೆ ನಿಧಾನ ಇಳಿಯುತ್ತೆ, ಕಾಲಿಗೆ ಮಣ್ಣು ಸಿಗುತ್ತೆ. ಹೊಂಡದಲ್ಲಿ ನಾಲ್ಕೂ ಕಡೆ ಇಳಿಜಾರಿನ ಮೇಲೆ ಪಾಲಿಥಿನ್ ಹಾಳೆ, ಹಾಳೆಯ ಮೇಲೆ ಪಾಚಿ. ಈಜಿ ದಡಕ್ಕೆ ಬಂದವನು ಹತ್ತೋಕೆ ನೋಡ್ತಾನೆ, ಜಾರ್ತಾನೆ, ಮತ್ತೆ ಹತ್ತೋಕೆ ನೋಡ್ತಾನೆ. ಹಿಡಿಯೋಕೆ ಒಂದು ಹುಲ್ಲುಕಡ್ಡಿ ಇಲ್ಲ. ದಡ ಕೈಗೆ ತಾಗುವಷ್ಟು ಹತ್ತಿರ ಇದ್ದಾಗಲೇ ಸುಸ್ತಾಗಿ ಮುಳುಗೋದು. ಒಂದು ಪ್ಲಾಸ್ಟಿಕ್ ಹಾಳೆಯನ್ನು ಓರೆ ಹಲಗೆ ಮೇಲೆ ಹಾಸಿ, ಸೋಪಿನ ನೀರು ಸುರಿದು, ಅಂಗೈ ಊರಿ ಮೇಲಕ್ಕೆ ಜರುಗಲು ಹೇಳಿ. ಎರಡು ನಿಮಿಷದ ಪ್ರಯೋಗ, ಒಂದು ತಾಸಿನ ಭಾಷಣಕ್ಕಿಂತ ಮೇಲು.

ಎರಡನೆಯವನು, ಮೂರನೆಯವನು ಸಾಯೋದೂ ಇಲ್ಲೇ. ಕಾಪಾಡೋಕೆ ಇಳಿದವನ ಕುತ್ತಿಗೆಯನ್ನು ಮುಳುಗುವವನು ಏಣಿ ಮಾಡಿಕೊಳ್ತಾನೆ. ಕ್ರಮ ಕಲಿಸಿ: ಕೂಗು, ಚಾಚು, ಎಸೆ, ಇಳಿಯಬೇಡ. ಚಾಚುವಾಗ ನಿಂತುಕೊಂಡಲ್ಲ, ದಡದ ಮೇಲೆ ಬೋರಲು ಮಲಗಿ, ಕಾಲನ್ನು ಇನ್ನೊಬ್ಬ ಹಿಡಿದುಕೊಂಡು. ಕೋಲು, ಪಂಚೆ, ವೇಲು, ಬೆಲ್ಟು, ಕೈಗೆ ಸಿಕ್ಕಿದ್ದು. ಎಸೆಯೋಕೆ ಮುಚ್ಚಳ ಬಿಗಿಯಾಗಿ ಹಾಕಿದ ಖಾಲಿ 20 ಲೀಟರ್ ಕ್ಯಾನ್. ಅದು ಸುಮಾರು 20 ಕೆಜಿ ಭಾರ ತೇಲಿಸುತ್ತೆ, ನೀರಿನಲ್ಲಿರುವ ಮನುಷ್ಯನ ತಲೆ ಮೇಲಿಡೋಕೆ ಬೇಕಾದ್ದಕ್ಕಿಂತ ಹೆಚ್ಚೇ ಆಯ್ತು. ಫೋನ್ 112ಕ್ಕೆ. ಸಿನಿಮಾದ ಹಾಗೆ ಮುಳುಗುವವನು ‘ಕಾಪಾಡಿ’ ಅಂತ ಕೂಗೋದಿಲ್ಲ ಅಂತಲೂ ಹೇಳಿ. ಬಾಯಿ ನೀರಿನ ಮಟ್ಟದಲ್ಲಿರುತ್ತೆ, ಕೂಗೋಕೆ ಉಸಿರಿಲ್ಲ, ಕೈಯೆತ್ತಿ ಬೀಸೋಕೂ ಆಗೋದಿಲ್ಲ. ದೂರದಿಂದ ನೋಡಿದರೆ ಆಟ ಆಡ್ತಿದ್ದ ಹಾಗೇ ಕಾಣುತ್ತೆ.

ನೀರೊಳಗೆ ಎಣಿಸುವ ಪಂದ್ಯ ನಿಮ್ಮ ವಿಜ್ಞಾನದ ಪಾಠವೇ. ಉಸಿರು ತಗೋಬೇಕು ಅಂತ ಒದ್ದಾಟ ಹುಟ್ಟಿಸೋದು ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್, ಆಮ್ಲಜನಕದ ಕೊರತೆ ಅಷ್ಟಾಗಿ ಅಲ್ಲ. ಮುಳುಗುವ ಮೊದಲು ಜೋರುಜೋರಾಗಿ ಉಸಿರಾಡಿದರೆ ಆ ಅನಿಲ ಹೊರಹೋಗುತ್ತೆ, ಆಮ್ಲಜನಕವೇನೂ ಲೆಕ್ಕಕ್ಕೆ ಬರುವಷ್ಟು ಹೆಚ್ಚಾಗೋದಿಲ್ಲ. ಗಂಟೆ ಬಾರಿಸುವವನನ್ನೇ ಮನೆಗೆ ಕಳಿಸಿದ ಹಾಗೆ. ಒದ್ದಾಟ ಬರುವ ಮೊದಲೇ ಪ್ರಜ್ಞೆ ತಪ್ಪುತ್ತೆ, ಮುನ್ಸೂಚನೆಯೇ ಇಲ್ಲ. ಚೆನ್ನಾಗಿ ಈಜುವವರೇ ಇದಕ್ಕೆ ಬಲಿ, ಅದಕ್ಕೇ ‘ನಂಗೆ ಈಜು ಬರುತ್ತೆ’ ಅನ್ನೋದು ಇಲ್ಲಿ ಉತ್ತರವಲ್ಲ.

ಕ್ವಾರಿ ಬಗ್ಗೆ ಇಷ್ಟೇ: ಗೋಡೆ ನೇರ, ಹತ್ತಿ ಬರೋಕೆ ಜಾಗ ಇಲ್ಲ, ನೀರಿನಡಿ ಬಂಡೆ ಎಲ್ಲಿದೆ ಅಂತ ಕಾಣೋದಿಲ್ಲ. ತಲೆ ಕೆಳಗಾಗಿ ಹಾರಿ ಬಂಡೆಗೆ ಬಡಿದರೆ ಕುತ್ತಿಗೆ ಮೂಳೆ ಮುರಿದು ಕೈಕಾಲು ಸ್ವಾಧೀನ ಹೋಗುತ್ತೆ. ‘ಸಾಯ್ತೀಯ’ ಅಂದರೆ ಹೆದರದವರು ‘ಜೀವಮಾನವಿಡೀ ಅಮ್ಮ ಸ್ನಾನ ಮಾಡಿಸಬೇಕು’ ಅಂದರೆ ಕೇಳಿಸಿಕೊಳ್ತಾರೆ.

ಪಿಎಚ್‌ಸಿ_ಡಾಕ್ಟರ್

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನೀರಿನಿಂದ ತೆಗೆದವರನ್ನು ತಲೆಕೆಳಗು ಮಾಡಿ ತಿರುಗಿಸೋದು, ಹೊಟ್ಟೆ ಒತ್ತೋದು, ವಾಟ್ಸಾಪಿನಲ್ಲಿ ಬರುವ ‘ಉಪ್ಪಿನ ರಾಶಿಯಲ್ಲಿ ಹೂತರೆ ಬದುಕ್ತಾರೆ’ ಅನ್ನೋದು, ಎಲ್ಲವೂ ಅಮೂಲ್ಯ ನಿಮಿಷ ತಿನ್ನುತ್ತವೆ, ಯಾವುದೂ ಬದುಕಿಸೋದಿಲ್ಲ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು, ಹೀಗೇ ಮುಂದುವರಿಸಿ. ಒತ್ತು ಸುಮಾರು 5 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಮುಳುಗಿದವರಿಗೆ ಬರೀ ಎದೆ ಒತ್ತಿದರೆ ಸಾಲದು, ಅವರಿಗೆ ಆದದ್ದೇ ಉಸಿರಿನ ಕೊರತೆ. 9ನೇ ತರಗತಿಯವರು ಇದನ್ನು ಆರಾಮಾಗಿ ಕಲೀತಾರೆ.

ಈಗ ಉಸಿರು ಕಟ್ಟಿಸುವ ಆಟ. ಇದನ್ನು ಹೇಗೆ ಮಾಡ್ತಾರೆ ಅನ್ನೋದನ್ನು ತರಗತಿಯಲ್ಲಿ ವಿವರಿಸಲೇಬೇಡಿ, ಹೆಸರೂ ಬೇಡ. ‘ಮಿದುಳಿಗೆ ರಕ್ತ ಅಥವಾ ಗಾಳಿ ತಡೆಯುವ ಯಾವುದೇ ಆಟ’ ಅಂದರೆ ಸಾಕು, ಮಾಡ್ತಿರೋರಿಗೆ ಅರ್ಥವಾಗುತ್ತೆ, ಗೊತ್ತಿಲ್ಲದವರು ಹುಡುಕೋಕೆ ಹೆಸರು ಸಿಗೋದಿಲ್ಲ. ವಿಷಯ ಹೀಗೆ ಹೇಳಿ: ಪ್ರಜ್ಞೆ ಹೋಗೋಕೆ ಕೆಲವೇ ಸೆಕೆಂಡು ಸಾಕು. ನಾಲ್ಕೈದು ನಿಮಿಷ ಆಮ್ಲಜನಕ ಇಲ್ಲದಿದ್ದರೆ ಮಿದುಳಿನ ಜೀವಕೋಶ ಸಾಯೋಕೆ ಶುರು, ಸತ್ತ ಕೋಶ ಮತ್ತೆ ಹುಟ್ಟೋದಿಲ್ಲ. ‘ಸಾಕು ಅನ್ನಿಸಿದಾಗ ನಿಲ್ಲಿಸ್ತೀನಿ’ ಅನ್ನೋದು ನಡೆಯೋದಿಲ್ಲ, ಸಾಕು ಅಂತ ತೀರ್ಮಾನಿಸಬೇಕಾದ ಮಿದುಳೇ ಮೊದಲು ಕೈಕೊಡೋದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2008ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 1995ರಿಂದ 2007ರವರೆಗೆ ಅಲ್ಲಿ ಇಂಥ 82 ಸಾವು, ಸರಾಸರಿ ವಯಸ್ಸು 13. ಹೆಚ್ಚುಕಮ್ಮಿ ಎಲ್ಲರೂ ಸತ್ತಾಗ ಒಬ್ಬರೇ ಇದ್ದರು, ಬಹುಪಾಲು ಪೋಷಕರಿಗೆ ಇಂಥದ್ದೊಂದು ಇದೆ ಅನ್ನೋದೇ ಗೊತ್ತಿರಲಿಲ್ಲ. ಗುಂಪಿನಲ್ಲಿ ಕಲಿತದ್ದು ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಕೊಲ್ಲುತ್ತೆ.

ಪೋಷಕರಿಗೆ ಮಾತ್ರ ಹೇಳಬೇಕಾದ ಗುರುತುಗಳು: ಕಣ್ಣು ಕೆಂಪು, ಕಣ್ಣಿನ ಸುತ್ತ ಸಾಸಿವೆಯಂಥ ಕೆಂಪು ಚುಕ್ಕೆ, ಕುತ್ತಿಗೆಯಲ್ಲಿ ಗುರುತು ಅಥವಾ ಸೆಕೆಯಲ್ಲೂ ಕುತ್ತಿಗೆ ಮುಚ್ಚುವ ಬಟ್ಟೆ, ಮತ್ತೆ ಮತ್ತೆ ತಲೆನೋವು, ಬಾಗಿಲು ತೆಗೆದಾಗ ಮಂಕಾಗಿರೋದು, ಮಂಚ ಅಥವಾ ಬಾಗಿಲಿಗೆ ಕಾರಣವಿಲ್ಲದೆ ಕಟ್ಟಿದ ಬೆಲ್ಟು, ವೇಲು. ಒಂದೇ ಗುರುತಿಗೆ ಗಾಬರಿ ಬೇಡ, ಧೂಳಿನ ಅಲರ್ಜಿಗೂ ಕಣ್ಣು ಕೆಂಪಾಗುತ್ತೆ. ಎರಡು ಮೂರು ಕೂಡಿ ಬಂದರೆ ಅವತ್ತೇ ಮಾತಾಡಿ, ಕೋಣೆಯ ಚಿಲಕ ತೆಗೆಸಿ, ಆಸ್ಪತ್ರೆಗೆ ಕರ್ಕೊಂಡು ಬನ್ನಿ.

ನುಂಗುವ ಪಂದ್ಯಗಳಿಗೆ ಒಂದೇ ಸೂತ್ರ: ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಸಿಗುತ್ತೆ ಅಂದ ಮಾತ್ರಕ್ಕೆ ಎಷ್ಟು ನುಂಗಿದರೂ ನಡೆಯುತ್ತೆ ಅಂತಲ್ಲ. ಅಲರ್ಜಿ ಮಾತ್ರೆ ಹೆಚ್ಚು ನುಂಗುವ ಪಂದ್ಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಹೃದಯದ ಬಡಿತ ಕೆಡುತ್ತೆ, ಫಿಟ್ಸ್ ಬರುತ್ತೆ, ಸಾವೂ ಆಗಿದೆ. ಅತಿ ಖಾರದ ಚಿಪ್ಸ್ ತಿನ್ನುವ ಪಂದ್ಯದಲ್ಲಿ 2023ರಲ್ಲಿ ಮೆಸಾಚುಸೆಟ್ಸ್‌ನ 14 ವರ್ಷದ ಹುಡುಗ ತೀರಿಕೊಂಡ. ಶವಪರೀಕ್ಷೆಯಲ್ಲಿ ಅವನ ಹೃದಯ ದೊಡ್ಡದಾಗಿದ್ದದ್ದು, ಹುಟ್ಟಿನಿಂದ ಒಂದು ದೋಷ ಇದ್ದದ್ದು ತಿಳಿಯಿತು. ತರಗತಿಯಲ್ಲಿ ಯಾರ ಹೃದಯ ಹೇಗಿದೆ ಅಂತ ಹೊರಗಿಂದ ಕಾಣೋದಿಲ್ಲ, ‘ಅವನಿಗೇನೂ ಆಗಲಿಲ್ಲ’ ಅನ್ನೋದು ಇವನಿಗೆ ಆಧಾರವಾಗೋದಿಲ್ಲ.

ಹಳೇ_ಮುಖ್ಯೋಪಾಧ್ಯಾಯ

ಹೆಸರು ಎತ್ತಬೇಕಾ ಅನ್ನೋ ಪ್ರಶ್ನೆಗೆ ಡಾಕ್ಟರ್ ಹೇಳಿದ್ದನ್ನು ಪೂರ್ತಿ ಒಪ್ಪೋದಿಲ್ಲ. ಹೊಂಡ, ಕ್ವಾರಿ ನಿಮ್ಮೂರಿನದು, ನಿಮ್ಮ ಮಕ್ಕಳು ಮಾಡ್ತಿದ್ದಾರೆ. ಅಲ್ಲಿ ಸುತ್ತಿಬಳಸಿ ಮಾತಾಡಿದರೆ ಮೇಷ್ಟ್ರಿಗೆ ಏನೂ ಗೊತ್ತಿಲ್ಲ ಅಂದುಕೊಳ್ತಾರೆ. ಅದನ್ನು ಹೆಸರು ಹಿಡಿದೇ, ಯಾರ ತೋಟದ ಹೊಂಡ ಅನ್ನೋದರ ಸಮೇತ ಹೇಳಿ. ಊರಿಗೆ ಇನ್ನೂ ಬಾರದ್ದನ್ನು, ಫೋನಿನಲ್ಲಿ ಮಾತ್ರ ಇರೋದನ್ನು ನೀವು ಕರೆತರಬೇಡಿ.

2017 ನೆನಪಿಸಿಕೊಳ್ಳಿ. ಮಕ್ಕಳನ್ನು ಆತ್ಮಹತ್ಯೆಗೆ ದೂಡುವ ಬ್ಲೂ ವೇಲ್ ಅನ್ನೋ ಆನ್‌ಲೈನ್ ಆಟ ಇದೆ ಅಂತ ದೇಶವೆಲ್ಲ ಗುಲ್ಲು. ಶಾಲೆ ಶಾಲೆಯಲ್ಲೂ ಎಚ್ಚರಿಕೆ, ಹುಡುಗರ ಕೈ ಪರೀಕ್ಷೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿದ್ದೇನು? ತನಿಖೆ ಮಾಡಿದ ಯಾವ ಸಾವಿಗೂ ಆ ಆಟವೇ ಕಾರಣ ಅಂತ ಸಾಬೀತಾಗಲಿಲ್ಲ. ಆದರೆ ಹೆಸರು ಮಾತ್ರ ಪ್ರತಿ ಮಗುವಿಗೂ ತಲುಪಿತ್ತು, ತಲುಪಿಸಿದವರು ನಾವೇ. ಮರುವರ್ಷ ಇದೇ ಥರ ಹಬ್ಬಿದ ಮೋಮೊ ಕೂಡ ಬರೀ ಗಾಳಿಸುದ್ದಿ. ವಾಟ್ಸಾಪಿನಲ್ಲಿ ಬಂದ ‘ಪೋಷಕರೇ ಎಚ್ಚರ’ ಸಂದೇಶವನ್ನು ತರಗತಿ ಗುಂಪಿಗೆ ಹಾಕುವ ಮೊದಲು ಯಾವ ಊರು, ಯಾವ ದಿನ, ಯಾವ ಠಾಣೆ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅಳಿಸಿ.

ತಮಾಷೆಯನ್ನೂ ಉಪಯೋಗಿಸಿ. 2018ರಲ್ಲಿ ಓಡುವ ಕಾರಿನಿಂದಿಳಿದು ಕುಣಿಯುವ ಕಿಕಿ ಚಾಲೆಂಜ್ ಬಂದಾಗ ತೆಲಂಗಾಣದ ಇಬ್ಬರು ಯುವಕರು ಕೆಸರುಗದ್ದೆಯಲ್ಲಿ ಎತ್ತಿನ ನೇಗಿಲ ಪಕ್ಕ ಕುಣಿದರು. ಅದೇ ಜಗತ್ತಿನಾದ್ಯಂತ ಓಡಿತು. ರೀಲ್ಸ್ ಬೇಕಾದರೆ ಜೀವ ಪಣಕ್ಕಿಡಬೇಕಿಲ್ಲ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಡ.

ಪೋಷಕರ ಸಭೆಯಲ್ಲಿ ‘ಮಕ್ಕಳ ಮೇಲೆ ಗಮನ ಇಡಿ’ ಅಂದರೆ ತಲೆ ಆಡಿಸಿ ಹೋಗ್ತಾರೆ. ಮೂರು ಕೆಲಸ ಕೊಡಿ. ಹೊಂಡ ಇರುವವರು ಬೇಲಿ ಹಾಕಿಸಬೇಕು, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಡಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಮೂಲಕ ಪಂಚಾಯ್ತಿಗೆ ಒಂದು ಅರ್ಜಿ, ಕ್ವಾರಿಗೂ ಬೇಲಿ ಕೇಳಿ. ಎರಡನೇದು, ಮನೆಯವರಿಗೂ ಮಗುವಿಗೂ ಒಂದು ಗುಟ್ಟಿನ ಮಾತು. ಮಗು ಫೋನ್ ಮಾಡಿ ‘ಅಜ್ಜಿಗೆ ಮಾತ್ರೆ ತಂದ್ರಾ?’ ಅಂದರೆ, ಅಪ್ಪ ಅಮ್ಮ ಐದು ನಿಮಿಷದಲ್ಲಿ ತಿರುಗಿ ಫೋನ್ ಮಾಡಿ ಎಲ್ಲರಿಗೂ ಕೇಳುವ ಹಾಗೆ ‘ಎಲ್ಲಿದೀಯ, ಈಗ್ಲೇ ಬಾ’ ಅಂತ ಗದರಬೇಕು. ಮಗುವಿನ ಮಾನ ಉಳಿಯಿತು. ಷರತ್ತು ಒಂದೇ, ಮನೆಗೆ ಬಂದ ಮೇಲೆ ಆ ರಾತ್ರಿ ವಿಚಾರಣೆ ಇಲ್ಲ. ಮೂರನೇದು ಬೈಕು. ಅಪ್ರಾಪ್ತ ಮಗ ವೀಲಿ ಹೊಡೆದು ಸಿಕ್ಕಿಬಿದ್ದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಈ ಸಾಲನ್ನು ಓದಿ ಹೇಳುವಾಗ ಸಭೆ ನಿಶ್ಶಬ್ದವಾಗುತ್ತೆ.

ರೈಲು ಹಳಿ ಹತ್ತಿರದ ಶಾಲೆಯವರಿಗೆ: ಮೇಲಿನ ತಂತಿಯಲ್ಲಿ 25,000 ವೋಲ್ಟ್. ಗೂಡ್ಸ್ ಡಬ್ಬಿ ಮೇಲೆ ನಿಂತು ಸೆಲ್ಫಿ ತೆಗೆಯುವವನು ತಂತಿ ಮುಟ್ಟಬೇಕಿಲ್ಲ, ಹತ್ತಿರ ಹೋದರೆ ಕರೆಂಟೇ ಹಾರಿ ಬರುತ್ತೆ.

ಬಯಲುಸೀಮೆ_ಟೀಚರ್

ಎಲ್ಲರಿಗೂ ಧನ್ಯವಾದ. ಎರಡು ಸಂಶಯ. ಹುಡುಗಿಯರು ಕೈವಾರದ ಮೊನೆಯಿಂದ ಕೈಮೇಲೆ ಅಕ್ಷರ ಕೊರೆದುಕೊಳ್ಳೋದು, ಒಬ್ಬಳು ಮಾಡಿದರೆ ಗೆಳತಿಯರೂ ಮಾಡೋದು, ಇದನ್ನೂ ಇದೇ ಪೀರಿಯಡ್‌ನಲ್ಲಿ ತರಬಹುದಾ? ಇನ್ನೊಂದು, ಹೊಂಡಕ್ಕೆ ಹಾಕುವ ಹಗ್ಗ ಎಂಥದ್ದು?

ಶಾಲಾ_ಆಪ್ತಸಲಹೆ

ತರಬೇಡಿ ಮೇಡಂ. ನೋಡೋಕೆ ಪಂದ್ಯದ ಹಾಗಿದ್ದರೂ ಅದರೊಳಗೆ ಬೇರೆ ನೋವು ಇರಬಹುದು. ಸಾಲಾಗಿ ನಿಲ್ಲಿಸಿ ತೋಳು ಮಡಿಸಿ ನೋಡುವ ಪದ್ಧತಿ ಕೆಲವು ಕಡೆ ಇದೆ, ಮಾಡಲೇಬೇಡಿ. ಮುಂದಿನ ಸಲ ತೊಡೆಯ ಮೇಲೆ ಕೊರೆದುಕೊಳ್ತಾರೆ, ನಿಮಗೆ ಕಾಣೋದೇ ಇಲ್ಲ. ಒಬ್ಬೊಬ್ಬರನ್ನೇ, ಬೇರೆ ಬೇರೆ ದಿನ, ನೋಟ್ಸ್ ತಿದ್ದುವ ನೆಪದಲ್ಲಿ ಕರೆಯಿರಿ. ‘ಯಾಕೆ ಮಾಡಿಕೊಂಡೆ’ ಅಲ್ಲ, ‘ನೋವಾಗ್ತಿದೆಯಾ, ಔಷಧಿ ಹಚ್ಚಿದೆಯಾ’ ಅಂತ ಶುರು ಮಾಡಿ. ‘ಗೆಳತಿ ಮಾಡಿದಳು ಅಂತ ಮಾಡಿದೆ’ ಅನ್ನುವವಳೂ ‘ಮನಸ್ಸು ಹಗುರಾಗುತ್ತೆ ಮಿಸ್’ ಅನ್ನುವವಳೂ ಬೇರೆ. ಎರಡನೆಯವಳನ್ನು ‘ಸಾಯಬೇಕು ಅನ್ನಿಸುತ್ತಾ’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಮನೆಯವರು, ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. ಕನ್ನಡದಲ್ಲೇ ಮಾತಾಡ್ತಾರೆ, ದಿನದ 24 ಗಂಟೆ, ದುಡ್ಡಿಲ್ಲ. ಮನೆಯಲ್ಲೇ ಹಿಂಸೆ ಇದ್ದರೆ ಮನೆಯವರಿಗೆ ಹೇಳುವ ಮೊದಲು ಮಕ್ಕಳ ಸಹಾಯವಾಣಿ 1098.

ಚೀಟಿಗಳಲ್ಲಿ ಇಂಥ ಸಾಲು ಸಿಕ್ಕಿದರೂ ಇದೇ. ಅಕ್ಷರ ಹೋಲಿಸಿ ಮುಖ್ಯೋಪಾಧ್ಯಾಯರ ಜೊತೆ ಕೂತು ಪತ್ತೆ ಮಾಡಿ. ಅದಕ್ಕೇ ಮೊದಲೇ ‘ಸುಮ್ಮನಿರೋದಿಲ್ಲ’ ಅಂತ ಹೇಳಿಸಿದ್ದು.

ಪಿಇ_ಮೇಷ್ಟ್ರು

ಹಗ್ಗ ನೈಲಾನ್ ಬೇಡ, ನೀರಿನಲ್ಲಿ ಮುಳುಗುತ್ತೆ, ಒದ್ದಾಡುವವನ ಕೈಗೆ ಸಿಗೋದಿಲ್ಲ. ಅಂಗಡಿಯಲ್ಲಿ ‘ಪಿಪಿ ಹಗ್ಗ’ (ಪಾಲಿಪ್ರೊಪಿಲೀನ್) ಅಂತ ಕೇಳಿ, ಅದು ತೇಲುತ್ತೆ. ಹೆಬ್ಬೆರಳಿನ ದಪ್ಪ ಇರಲಿ, ಸಣ್ಣದಾದರೆ ಒದ್ದೆ ಕೈಯಲ್ಲಿ ಹಿಡಿತ ನಿಲ್ಲೋದಿಲ್ಲ. ಒಂದೊಂದು ಅಡಿಗೆ ಒಂದು ಗಂಟು. ದಡದಿಂದ ನಾಲ್ಕು ಅಡಿ ಹಿಂದೆ ಕಲ್ಲುಕಂಬಕ್ಕೆ ಕಟ್ಟಿ, ಹಾಳೆಯ ಅಂಚು ಮಣ್ಣಲ್ಲಿ ಹೂತಿರುವ ಕಡೆ ಗೂಟ ಹೊಡೆದರೆ ಹಾಳೆ ಹರಿಯುತ್ತೆ, ಎಳೆದಾಗ ಗೂಟವೂ ಕಿತ್ತು ಬರುತ್ತೆ. ಇನ್ನೊಂದು ತುದಿ ನೀರಿನೊಳಗೆ ಎರಡು ಮೀಟರ್ ಹೋಗಲಿ, ತುದಿಗೆ ಮುಚ್ಚಿದ 5 ಲೀಟರ್ ಎಣ್ಣೆ ಕ್ಯಾನ್ ಕಟ್ಟಿದರೆ ದೂರದಿಂದಲೇ ಕಾಣುತ್ತೆ. ನಾಲ್ಕು ಬದಿಗೂ ಒಂದೊಂದು ಬೇಕು, ಮುಳುಗುವವನು ಯಾವ ಬದಿಗೆ ಬರ್ತಾನೆ ಅಂತ ಗೊತ್ತಿರೋದಿಲ್ಲ. ಬಿಸಿಲಿಗೆ ಈ ಹಗ್ಗ ಪುಡಿಯಾಗುತ್ತೆ, ಪ್ರತಿವರ್ಷ ಪರೀಕ್ಷೆ ಮುಗಿಯುವ ಹೊತ್ತಿಗೆ ಎಳೆದು ನೋಡಿ ಬದಲಾಯಿಸಿ.